ಈಜುಕೊಳದ ಅಂಗಡಿಯ ಮೇಲೆ ದಿಗ್ಬಂಧನ

ಮೊನ್ನೆ ಸ್ಟುಟ್‌ಗಾರ್ಟ್‌ನಲ್ಲಿ ಕನ್ನಡದವರ ಯುಗಾದಿ ಊಟಕ್ಕೆ ಹೋಗಿದ್ದೆ. ಪಕ್ಕದಲ್ಲಿ ಮೇಘನಾ ಅಂತ ಮೈಸೂರಿನ ಹುಡುಗಿ ಕೂತಿದ್ದಳು. ಇಲ್ಲೇ ಓದಿ, ಇಲ್ಲಿನ ಪೌರತ್ವ ತೆಗೆದುಕೊಂಡು, ಈಗ ಒಂದು ಜಿಲ್ಲಾ ಕಚೇರಿಗೆ ಸೇರಿದ್ದಾಳಂತೆ. ನಾನು ಯಾವ ವಿಭಾಗದಿಂದ ನಿವೃತ್ತಳಾದೆನೋ ಅಂಥದ್ದೇ ವಿಭಾಗ. "ಆಂಟಿ, ಪುರಸಭೆಗಳ ಮೇಲ್ವಿಚಾರಣೆ ಅಂದ್ರೆ ಬರೀ ಫೈಲ್ ನೋಡೋದೇನಾ? ತುಂಬಾ ಬೋರ್ ಆಗತ್ತಾ?" ಅಂತ ಕೇಳಿದಳು. "ಬೋರ್ ಆದರೆ ನಿನ್ನ ಪುಣ್ಯ ಮಾರಾಯ್ತಿ" ಅಂದೆ. ಅಷ್ಟರಲ್ಲಿ ಹೋಳಿಗೆ ಬಡಿಸುವವರು ಬಂದರು, ಮಾತು ಅಲ್ಲಿಗೇ ನಿಂತಿತು. ಎಸ್-ಬಾನ್ ರೈಲಿನಲ್ಲಿ ಮನೆಗೆ ಬರುವಾಗ ಆ ಹುಡುಗಿಗೆ ನಾನು ಸರಿಯಾದ ಉತ್ತರ ಕೊಡಲಿಲ್ಲ ಅನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ವಸಂತಿ ಶೆಟ್ಟಿ. ಉಡುಪಿಯಲ್ಲಿ ಎಲ್‌ಎಲ್‌ಬಿ ಮುಗಿಸಿ, ಮದುವೆಯಾಗಿ, ಇಂಜಿನಿಯರ್ ಗಂಡನ ಜೊತೆ ಈ ದೇಶಕ್ಕೆ ಬಂದವಳು. ನನ್ನ ಎಲ್‌ಎಲ್‌ಬಿಗೆ ಇಲ್ಲಿ ಮೂರು ಕಾಸಿನ ಬೆಲೆ ಇಲ್ಲ ಅಂತ ಬಂದ ಮೇಲೆ ಗೊತ್ತಾಯಿತು. ಮಗಳನ್ನು ಕಿಂಡರ್‌ಗಾರ್ಟನ್‌ಗೆ ಬಿಟ್ಟು, ಮತ್ತೆ ಮೊದಲಿನಿಂದ ಓದಿ, ಕೊನೆಗೆ ಲಾಂಡ್‌ರಾಟ್ಸಾಮ್ಟ್ ಅನ್ನುವ ಕಚೇರಿಗೆ ಸೇರಿದೆ. ನಮ್ಮ ಊರಿನ ಡಿ.ಸಿ. ಆಫೀಸು ಇದ್ದ ಹಾಗೆ ಅಂತ ಇಟ್ಟುಕೊಳ್ಳಿ. ಅದರೊಳಗೆ ನನ್ನ ವಿಭಾಗಕ್ಕೆ ಇದ್ದದ್ದು ಒಂದೇ ಕೆಲಸ: ಜಿಲ್ಲೆಯ ಸಣ್ಣ ಸಣ್ಣ ಪುರಸಭೆಗಳು ಮಾಡುವ ಠರಾವು ಕಾನೂನಿನ ಒಳಗೆ ಉಂಟೋ ಇಲ್ಲವೋ ನೋಡುವುದು. ಆ ಠರಾವು ಒಳ್ಳೆಯದೋ ಕೆಟ್ಟದ್ದೋ ಅಂತ ಕೇಳುವ ಅಧಿಕಾರ ನಮಗಿಲ್ಲ. ಮೇಘನಾಗೆ ಇದನ್ನು ಮೊದಲ ವಾರವೇ ಹೇಳಿಕೊಟ್ಟಿರುತ್ತಾರೆ. ಅದು ತಲೆಯೊಳಗೆ ಇಳಿಯುವುದು ಮಾತ್ರ ನಿಧಾನ.

ನನಗೆ ಕೆಲಸ ಕಲಿಸಿದವರು ಹೆರ್ ಐಸೆಲೆ, ಅಂದರೆ ಶ್ರೀ ಐಸೆಲೆ, ನಮ್ಮ ವಿಭಾಗದ ಮುಖ್ಯಸ್ಥರು. ಅಪ್ಪಟ ಶ್ವಾಬಿಯನ್, ಅಂದರೆ ಈ ಸೀಮೆಯ ಮನುಷ್ಯ. ಮಾತು ಕಮ್ಮಿ, ಖರ್ಚು ಅದಕ್ಕಿಂತ ಕಮ್ಮಿ. ಬಳಸಿದ ಲಕೋಟೆಯನ್ನು ತಿರುಗಿಸಿ ಟಿಪ್ಪಣಿ ಬರೆಯುತ್ತಿದ್ದರು. ಅವರದ್ದೊಂದು ನಿಯಮ ಉಂಟು: ಮೊದಲು ಫೋನು, ಆಮೇಲೆ ಕಾಗದ. ಯಾವ ಪುರಸಭೆ ತಪ್ಪು ಮಾಡಿದರೂ ತಕ್ಷಣ ಆಕ್ಷೇಪಣೆ ಕಳಿಸಬಾರದು. ಅಲ್ಲಿನ ಅಧಿಕಾರಿಗೆ ಫೋನ್ ಮಾಡಿ, "ನೋಡಿ, ಈ ಸಾಲು ಉಳಿಯುವುದಿಲ್ಲ, ಏನಾದರೂ ಮಾಡಿ" ಅಂತ ಹೇಳಬೇಕು. ಅವರೇ ಮುಂದಿನ ಸಭೆಯಲ್ಲಿ ತಿದ್ದಿಕೊಳ್ಳುತ್ತಾರೆ. ಯಾರ ಮರ್ಯಾದೆಯೂ ಹೋಗುವುದಿಲ್ಲ, ಪತ್ರಿಕೆಯವರಿಗೂ ಗೊತ್ತಾಗುವುದಿಲ್ಲ. ಇದು ಅವರೊಬ್ಬರ ಪದ್ಧತಿ ಅಲ್ಲ, ಇಲ್ಲಿನ ಕಚೇರಿಗಳೆಲ್ಲ ನಡೆಯುವುದೇ ಹೀಗೆ. ನನಗೂ ಅದು ಬಹಳ ಸಭ್ಯ ಪದ್ಧತಿ ಅಂತಲೇ ಅನಿಸಿತ್ತು.

ಪರದೇಶದ ವ್ಯವಹಾರವೆಲ್ಲ ಬರ್ಲಿನ್‌ನಲ್ಲಿ ನಡೆಯುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ನಾನು ಅದನ್ನು ಕಂಡದ್ದು ನೆಕ್ಕರ್ ನದಿಯ ಆಚೀಚೆ ಇರುವ ಊರುಗಳಲ್ಲಿ. ಒಂದು ಬೇಕರಿ, ಎರಡು ಚರ್ಚು, ಒಂದು ಅಗ್ನಿಶಾಮಕ ಠಾಣೆ ಇದ್ದರೆ ಹೆಚ್ಚಾಯಿತು, ಅಂಥ ಊರುಗಳು. ಮೊದಲ ಸಲ ಅಂಥದ್ದು ನನ್ನ ಮೇಜಿಗೆ ಬಂದದ್ದು ಸ್ಮಶಾನದ ನಿಯಮಾವಳಿಯ ರೂಪದಲ್ಲಿ. ಒಂದು ಪುರಸಭೆ ತನ್ನ ಸ್ಮಶಾನದಲ್ಲಿ ಭಾರತದ ಕಲ್ಲನ್ನು ನಿಷೇಧಿಸಿತ್ತು. ಇಲ್ಲಿನ ಗೋರಿಕಲ್ಲುಗಳಲ್ಲಿ ಬಹಳಷ್ಟು ನಮ್ಮ ಕಡೆಯ ಕಪ್ಪು ಗ್ರಾನೈಟು. ಕಲ್ಲುಗಣಿಗಳಲ್ಲಿ ಮಕ್ಕಳು ದುಡಿಯುತ್ತಾರೆ ಅಂತ ಯಾರೋ ಟಿವಿಯಲ್ಲಿ ತೋರಿಸಿದ್ದರು. ಸಿಟ್ಟು ಬರುವುದು ನ್ಯಾಯವೇ, ನನಗೂ ಬಂದಿತ್ತು. ಆದರೆ ಒಂದು ಇಡೀ ದೇಶದ ಸರಕನ್ನು ಬೇಡ ಅನ್ನುವುದು ಪುರಸಭೆಯ ಕೈಯಲ್ಲಿ ಇಲ್ಲ. ಉಡುಪಿಯಲ್ಲಿ ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ ಅಂತ ಉರು ಹೊಡೆದಿದ್ದೆನಲ್ಲ, ಇಲ್ಲೂ ಕತೆ ಹೆಚ್ಚುಕಡಿಮೆ ಅದೇ. ಪರದೇಶಗಳ ಜೊತೆಗಿನ ಸಂಬಂಧ ಒಕ್ಕೂಟ ಸರ್ಕಾರದ್ದು ಅಂತ ಇಲ್ಲಿನ ಸಂವಿಧಾನ ಹೇಳುತ್ತದೆ. ವ್ಯಾಪಾರದ ದಿಗ್ಬಂಧನ ಹಾಕುವುದು ಇಡೀ ಯುರೋಪಿಗೆ ಒಟ್ಟಾಗಿ ಬ್ರಸೆಲ್ಸ್‌ನಲ್ಲಿ. ರಾಜ್ಯ ಸರ್ಕಾರವೇ ತನ್ನಷ್ಟಕ್ಕೆ ಹಾಕುವ ಹಾಗಿಲ್ಲ, ಇನ್ನು ಪುರಸಭೆ ಎಂತದು? ಪುರಸಭೆಗೆ ಇರುವುದು ತನ್ನ ಊರಿನ ಬಾಬತ್ತು ಮಾತ್ರ.

ಅದನ್ನು ಹೇಳಲಿಕ್ಕೆ ಹೆರ್ ಐಸೆಲೆ ಜೊತೆ ಆ ಪುರಸಭೆಯ ಸಭೆಗೆ ಹೋದಾಗ ಒಬ್ಬ ಸದಸ್ಯ ನಗುತ್ತಾ, "ಫ್ರೌ ಶೆಟ್ಟಿ ಹೀಗೆ ಹೇಳದೆ ಇನ್ನು ಹೇಗೆ ಹೇಳಿಯಾರು?" ಅಂದ. ನನ್ನ ಮುಖಕ್ಕೆ ಹೊಡೆದ ಹಾಗಾಯಿತು. ಹೆರ್ ಐಸೆಲೆ ಎದ್ದು ನಿಂತು, "ನನ್ನ ಅಜ್ಜ ಮುತ್ತಜ್ಜ ಎಲ್ಲ ಇದೇ ಕಣಿವೆಯವರು. ನಾನೂ ಅದನ್ನೇ ಹೇಳುತ್ತೇನೆ" ಅಂದರು. ಆಮೇಲೆ ನಾಲ್ಕಾರು ಫೋನು, ಒಂದಿಷ್ಟು ತಿದ್ದುಪಡಿ. ರಾಜ್ಯದ ಕಾನೂನೂ ದಾರಿ ಮಾಡಿಕೊಟ್ಟ ಮೇಲೆ, ಕಲ್ಲು ಎಲ್ಲಿಂದಲೇ ಬರಲಿ, ಮಕ್ಕಳು ಕಡಿದದ್ದಲ್ಲ ಅನ್ನುವುದಕ್ಕೆ ಆಧಾರ ಬೇಕು ಅಂತ ನಿಯಮ ಬದಲಾಯಿತು. ದೇಶದ ಹೆಸರು ಹೋಯಿತು, ಮಕ್ಕಳ ವಿಷಯ ಉಳಿಯಿತು. ಫೋನಿನ ಪದ್ಧತಿಯ ಮೇಲೆ ನನಗೆ ನಂಬಿಕೆ ಹುಟ್ಟಿದ್ದು ಆವಾಗ.

ಇನ್ನು ಲೀನಾಳ ಸಂಗತಿ. ಇದನ್ನು ಹೇಳಲಿಕ್ಕೇ ನಾನು ಕೂತದ್ದು.

ನಮ್ಮ ಜಿಲ್ಲೆಯ ಇನ್ನೊಂದು ಊರಿನಲ್ಲಿ ಪುರಸಭೆಯದ್ದೇ ಒಂದು ಫ್ರೈಬಾಡ್ ಉಂಟು, ಬೇಸಿಗೆಯಲ್ಲಿ ಮಾತ್ರ ತೆರೆಯುವ ಬಯಲು ಈಜುಕೊಳ. ಅದರ ಮೂಲೆಯಲ್ಲಿ ಒಂದು ಅಂಗಡಿ. ಈಜಿ ಬಂದ ಮಕ್ಕಳು ಒದ್ದೆ ಕೈಯಲ್ಲಿ ನಾಣ್ಯ ಹಿಡಿದು, ಕಾಗದದ ತಟ್ಟೆಯಲ್ಲಿ ಪೊಮ್ಮೆಸ್, ಅಂದರೆ ಕರಿದ ಆಲೂಗಡ್ಡೆ, ತೆಗೆದುಕೊಳ್ಳುವ ಜಾಗ. ಆ ಅಂಗಡಿ ನಡೆಸುತ್ತಿದ್ದವಳು ಲೀನಾ. ಗಂಡ ಸತ್ತಿದ್ದ, ಮಕ್ಕಳಿಲ್ಲ. ಅಂಗಡಿಯ ಹಿಂದಿನ ಎರಡು ಕೋಣೆಯಲ್ಲೇ ವಾಸ. ಅದೂ ಗುತ್ತಿಗೆಯ ಜೊತೆಗೇ ಸಿಕ್ಕಿದ್ದು. ನನ್ನ ಮಗಳು ಈಜು ಕಲಿತದ್ದು ಅಲ್ಲಿ. ನಾನು ಪೊಮ್ಮೆಸ್ ಮೇಲೆ ಹಾಕಿಕೊಳ್ಳಲು ಬ್ಯಾಡಗಿ ಮೆಣಸಿನ ಪುಡಿಯ ಡಬ್ಬಿಯನ್ನೇ ಅವಳ ಹತ್ತಿರ ಕೊಟ್ಟು ಇಟ್ಟಿದ್ದೆ. "ಇದನ್ನು ತಿಂದೂ ಬದುಕಿದ್ದೀಯಲ್ಲ ನೀನು!" ಅಂತ ಪ್ರತಿ ಸಲವೂ ಹೇಳುತ್ತಿದ್ದಳು.

ಲೀನಾ ಹುಟ್ಟಿದ್ದು ಒಂದು ಬೇರೆ ದೇಶದಲ್ಲಿ. ಯಾವುದು ಅಂತ ಬರೆಯುವುದಿಲ್ಲ. ಹೆಸರು ಹೇಳಿದ ಕೂಡಲೇ ಓದುವವರು ಒಂದು ಪಕ್ಷ ಹಿಡಿಯುತ್ತಾರೆ, ಆಮೇಲೆ ನಾನು ಹೇಳಿದ್ದು ಯಾವುದೂ ಅವರ ಕಿವಿಗೆ ಬೀಳುವುದಿಲ್ಲ. ನಿಮಗೆ ಸಿಟ್ಟಿರುವ ದೇಶ ಯಾವುದೋ ಅದನ್ನೇ ಇಟ್ಟುಕೊಳ್ಳಿ. ಆ ದೇಶ ಒಂದು ಯುದ್ಧ ಶುರು ಮಾಡಿತು. ಟಿವಿಯಲ್ಲಿ ದಿನಾ ಉರಿಯುವ ಮನೆಗಳು, ಮಣ್ಣಿನಡಿಯಿಂದ ಎಳೆಯುವ ಹೆಣಗಳು. ನೋಡಲಿಕ್ಕೆ ಆಗುತ್ತಿರಲಿಲ್ಲ. ದಾಳಿಗೆ ಸಿಕ್ಕಿದ ಕಡೆಯಿಂದ ತಪ್ಪಿಸಿಕೊಂಡ ಮೂರು ಕುಟುಂಬ ಆ ಊರಿಗೂ ಬಂತು. ಊರವರು ಹೊದಿಕೆ, ಮಕ್ಕಳ ಬಟ್ಟೆ, ಸೈಕಲ್ಲು, ಅದು ಇದು ಅಂತ ತಂದು ರಾಶಿ ಹಾಕಿದರು. ಒಳ್ಳೆಯ ಜನ. ಇದನ್ನು ಮರೆಯಬೇಡಿ, ಮುಂದಿನದ್ದನ್ನು ಮಾಡಿದವರೂ ಅದೇ ಒಳ್ಳೆಯ ಜನ.

ಪುರಸಭೆ ಸೇರಿತು. ಎಲ್ಲರೂ ಎದ್ದು ನಿಂತು ಮೌನ ಆಚರಿಸಿದರು, ಕೆಲವರು ಅತ್ತರು. ಆಮೇಲೆ ಒಮ್ಮತದಿಂದ ಠರಾವು ಮಾಡಿದರು: ಯುದ್ಧ ನಿಲ್ಲುವ ತನಕ ಆ ದೇಶದ ಸರ್ಕಾರ, ಕಂಪನಿ, ಪ್ರಜೆಗಳು, ಯಾರ ಜೊತೆಯೂ ನಮ್ಮ ಪುರಸಭೆ ಯಾವ ವ್ಯವಹಾರವನ್ನೂ ಇಟ್ಟುಕೊಳ್ಳುವುದಿಲ್ಲ. ಕೇಳಲಿಕ್ಕೆ ಚೆಂದವೇ. ಆದರೆ ಆ ಪುರಸಭೆಗೂ ಆ ದೇಶಕ್ಕೂ ಎಂತ ವ್ಯವಹಾರ? ಎಣ್ಣೆ ತರಿಸುತ್ತಿದ್ದರೋ, ವಿಮಾನ ಮಾರುತ್ತಿದ್ದರೋ? ಇಡೀ ಊರಿನಲ್ಲಿ ಆ ದೇಶದ ಪಾಸ್‌ಪೋರ್ಟ್ ಇಟ್ಟುಕೊಂಡು ಪುರಸಭೆಯ ಗುತ್ತಿಗೆ ಹಿಡಿದವಳು ಲೀನಾ ಒಬ್ಬಳೇ. ಗುತ್ತಿಗೆ ಮುಗಿಯುವುದು ಆ ಬೇಸಿಗೆಯ ಕೊನೆಗೆ. ಅಲ್ಲಿಯವರೆಗೆ ಪ್ರತಿ ಸಲವೂ ಒಂದು ಸಹಿಯಲ್ಲಿ ಮುಂದುವರಿದಿತ್ತು.

ಮೇಯರ್ ಅವಳನ್ನು ಕರೆಸಿ ಕಾಫಿ ಕೊಟ್ಟರಂತೆ. ಇದನ್ನು ಲೀನಾಳೇ ಆಮೇಲೆ ನನಗೆ ಹೇಳಿದ್ದು. "ನೀವು ಸಭೆಯಲ್ಲಿ ಬಂದು ನಿಮ್ಮ ದೇಶ ಮಾಡಿದ್ದು ತಪ್ಪು ಅಂತ ಒಂದು ಮಾತು ಹೇಳಿ, ಸಾಕು. ನಿಮಗೆ ವಿನಾಯಿತಿ ಕೊಡಿಸುವುದು ನನ್ನ ಜವಾಬ್ದಾರಿ" ಅಂದರಂತೆ. ಮನಸ್ಸಿನಲ್ಲಿ ಕೆಟ್ಟದ್ದು ಇಟ್ಟುಕೊಂಡು ಹೇಳಿದ್ದಲ್ಲ, ನಿಜವಾಗಿ ಸಹಾಯ ಮಾಡಲಿಕ್ಕೇ ಹೇಳಿದ್ದು. ಲೀನಾ ಒಪ್ಪಲಿಲ್ಲ.

"ಒಂದು ಮಾತು ಹೇಳಿಬಿಡಬಹುದಿತ್ತಲ್ಲ ಲೀನಾ?" ಅಂತ ನಾನೂ ಕೇಳಿದೆ, ದಡ್ಡಿಯ ಹಾಗೆ.

"ಹೇಳಿದರೆ ಪತ್ರಿಕೆಯಲ್ಲಿ ಬರುತ್ತದೆ. ಅಲ್ಲಿ ನನ್ನ ತಂಗಿ ಇದ್ದಾಳೆ, ಅವಳ ಇಬ್ಬರು ಗಂಡುಮಕ್ಕಳಿದ್ದಾರೆ. ಇಲ್ಲಿ ನನ್ನ ಮಾತಿಗೆ ಚಪ್ಪಾಳೆ ಹೊಡೆದರೆ ಅಲ್ಲಿ ಅವರ ಬಾಗಿಲು ಬಡಿಯುತ್ತಾರೆ" ಅಂದಳು. ತಂಗಿಯನ್ನು ನೋಡಲಿಕ್ಕೆ ಹೋಗಿ ಬರಲಿಕ್ಕೆ ಆಗಬೇಕು ಅಂತಲೇ ಅವಳು ಇಷ್ಟು ವರ್ಷ ಇದ್ದರೂ ಪಾಸ್‌ಪೋರ್ಟ್ ಬದಲಾಯಿಸಿರಲಿಲ್ಲ.

ಠರಾವಿನ ಪ್ರತಿ ನಮ್ಮ ಕಚೇರಿಗೆ ಬಂದ ದಿನ ನಾನು ಮೊದಲು ಹೆರ್ ಐಸೆಲೆ ಹತ್ತಿರ ಹೋಗಿ, "ಈ ಹೆಂಗಸು ನನಗೆ ಪರಿಚಯ, ಇವಳ ಅಂಗಡಿಯಲ್ಲಿ ತಿನ್ನುತ್ತೇನೆ. ಈ ಫೈಲು ನಾನು ನೋಡಬಹುದಾ?" ಅಂತ ಕೇಳಿದೆ. "ಅವಳ ಅಂಗಡಿಯಲ್ಲಿ ತಿನ್ನದವರು ಯಾರಿದ್ದಾರೆ ಈ ಜಿಲ್ಲೆಯಲ್ಲಿ? ಕರಡು ನೀವು ಬರೆಯಿರಿ, ಸಹಿ ನನ್ನದು" ಅಂದರು. ಬರೆದೆ. ನನ್ನ ಕೆಲಸದ ಅವಧಿಯಲ್ಲಿ ನಾನು ಬರೆದ ಅತ್ಯಂತ ಒಳ್ಳೆಯ ಆಕ್ಷೇಪಣೆ ಅದು ಅಂತ ಈಗಲೂ ಹೇಳುತ್ತೇನೆ. ಪುರಸಭೆ ದುಃಖಿಸಬಹುದು, ಬಾವುಟ ಇಳಿಸಬಹುದು, ನಿರಾಶ್ರಿತರಿಗೆ ಮನೆ ಕೊಡಬಹುದು. ತನಗೊಂದು ಶತ್ರು ದೇಶ ಮಾಡಿಕೊಂಡು ಅದರ ಪ್ರಜೆಯನ್ನು ಶಿಕ್ಷಿಸುವ ಹಾಗಿಲ್ಲ. ಹುಟ್ಟಿದ ದೇಶ ನೋಡಿ ಒಬ್ಬರನ್ನು ಬೇರೆ ಥರ ನಡೆಸಿಕೊಳ್ಳುವುದನ್ನೂ ಇದೇ ಸಂವಿಧಾನ ಒಪ್ಪುವುದಿಲ್ಲ. ಎಲ್ಲವೂ ಅದರಲ್ಲಿತ್ತು, ಲೀನಾಳ ಗುತ್ತಿಗೆಯ ವಿಷಯ ಸಮೇತ.

ಹೆರ್ ಐಸೆಲೆ ಓದಿದರು. "ಚೆನ್ನಾಗಿದೆ" ಅಂದರು. ಕಾಗದ ಪಕ್ಕಕ್ಕಿಟ್ಟು ಫೋನ್ ಎತ್ತಿಕೊಂಡರು.

"ಇದಕ್ಕೂ ಫೋನಾ?" ಅಂದೆ.

"ಯಾವುದಕ್ಕೂ ಫೋನು, ಫ್ರೌ ಶೆಟ್ಟಿ."

ಆ ಪುರಸಭೆಯ ಆಡಳಿತಾಧಿಕಾರಿ ಚುರುಕಾದ ಮನುಷ್ಯ, ಇನ್ನೂ ಚಿಕ್ಕ ವಯಸ್ಸು. ನನಗೂ ಕೇಳಲಿ ಅಂತ ಸ್ಪೀಕರ್ ಹಾಕಿದ್ದರು. ಹೆರ್ ಐಸೆಲೆ ನಿಧಾನವಾಗಿ ವಿವರಿಸಿದರು: ನಿಮ್ಮ ಭಾವನೆ ಅರ್ಥವಾಗುತ್ತದೆ, ಆದರೆ ಠರಾವಿನ ಕಾರಣವೇ ಪರದೇಶ, ಅದು ನಿಮ್ಮ ಅಧಿಕಾರದಲ್ಲಿ ಇಲ್ಲ, ಹಿಂದೆ ತೆಗೆದುಕೊಳ್ಳಿ. ಆಚೆಯಿಂದ ಅವನು ಕೇಳಿದ, "ಅಂದರೆ ತೊಂದರೆ ಇರುವುದು ಕಾರಣದಲ್ಲಿ?"

"ಹೌದು, ಕಾರಣದಲ್ಲಿ."

"ಕಾರಣವೇ ಹೇಳದಿದ್ದರೆ? ಈಗ ಒಂದು ಗುತ್ತಿಗೆಯ ಅವಧಿ ಮುಗಿಯುತ್ತದೆ ಅಂತ ಇಟ್ಟುಕೊಳ್ಳಿ."

ನಾನು ಹೆರ್ ಐಸೆಲೆ ಮುಖ ನೋಡಿದೆ, ಬೇಡ ಅಂತ ಕೈ ಆಡಿಸಿದೆ. ಅವರು ಸುಳ್ಳು ಹೇಳುವವರಲ್ಲ, ಕೇಳಿದ್ದಕ್ಕೆ ಉತ್ತರ ಕೊಡದೆ ಇರುವವರೂ ಅಲ್ಲ. "ಅವಧಿ ಮುಗಿದ ಗುತ್ತಿಗೆಯನ್ನು ಮುಂದುವರಿಸಲೇಬೇಕು ಅಂತ ಕಾನೂನಿಲ್ಲ" ಅಂದರು. "ತುಂಬಾ ಧನ್ಯವಾದ" ಅಂತ ಅವನು ಫೋನ್ ಇಟ್ಟ.

ಮುಂದಿನ ಸಭೆಯಲ್ಲಿ ಅದೇ ಸದಸ್ಯರು ಅದೇ ಒಮ್ಮತದಿಂದ ಠರಾವನ್ನು ರದ್ದು ಮಾಡಿದರು. ಸಂವಿಧಾನದ ಬಗ್ಗೆ ಮೇಯರ್ ಎರಡು ಒಳ್ಳೆಯ ಮಾತನ್ನೂ ಆಡಿದರು. ಆಮೇಲೆ ಸಾರ್ವಜನಿಕರನ್ನು ಹೊರಗೆ ಕಳಿಸಿ, ಮುಚ್ಚಿದ ಬಾಗಿಲ ಒಳಗೆ ಬೇರೊಂದು ವಿಷಯ ತೆಗೆದುಕೊಂಡರು: ಈಜುಕೊಳಕ್ಕೆ ಆಧುನಿಕ ರೂಪ ಕೊಡುವುದು, ಅಂಗಡಿಯ ಜಾಗದಲ್ಲಿ ನಾಣ್ಯ ಹಾಕಿದರೆ ತಿಂಡಿ ಕೊಡುವ ಯಂತ್ರ ಕೂರಿಸುವುದು, ಈಗಿನ ಗುತ್ತಿಗೆಯನ್ನು ಅವಧಿಗೆ ಸರಿಯಾಗಿ ಮುಗಿಸುವುದು. ದೇಶ ಇಲ್ಲ, ಯುದ್ಧ ಇಲ್ಲ, ಲೀನಾ ಅನ್ನುವ ಹೆಸರೂ ಇಲ್ಲ. ನಾವು ಆಕ್ಷೇಪಿಸಲಿಕ್ಕೆ ಒಂದು ಅಕ್ಷರ ಸಿಗಲಿಲ್ಲ.

ಅವತ್ತು ನಾನು ಹೆರ್ ಐಸೆಲೆ ಜೊತೆ ಜಗಳ ಆಡಿದೆ. ಜರ್ಮನ್‌ನಲ್ಲಿ ಜಗಳ ಆಡುವಾಗ ನನಗೆ ವ್ಯಾಕರಣ ಕೈಕೊಡುತ್ತದೆ, ಆದರೂ ಬಿಡಲಿಲ್ಲ.

"ನಾವು ಹೇಗೆ ಮಾಡಬಾರದು ಅಂತ ಹೇಳಲಿಲ್ಲ, ಹೇಗೆ ಮಾಡಬಹುದು ಅಂತ ಕಲಿಸಿಕೊಟ್ಟೆವು. ಆಕ್ಷೇಪಣೆ ಕಾಗದದಲ್ಲಿ ಹೋಗಿದ್ದರೆ, ಇದನ್ನು ಆ ದೇಶದ ಕಾರಣಕ್ಕೇ ಮಾಡಿದ್ದು ಅಂತ ಸರ್ಕಾರವೇ ಹೇಳಿದ್ದು ದಾಖಲೆಯಲ್ಲಿ ಇರುತ್ತಿತ್ತು. ಎರಡನೆಯ ಸಲ ಅದನ್ನೇ ಮಾಡಲಿಕ್ಕೆ ಅವರಿಗೆ ಧೈರ್ಯ ಬರುತ್ತಿರಲಿಲ್ಲ."

"ನಾವು ಕಾನೂನು ನೋಡುವವರು, ಫ್ರೌ ಶೆಟ್ಟಿ. ಮನಸ್ಸಿನ ಒಳಗೆ ಇಣುಕುವವರಲ್ಲ."

"ಮನಸ್ಸಿನ ಒಳಗೆ ಇಣುಕುವುದು ಯಾಕೆ? ಅವನು ಫೋನಿನಲ್ಲಿ ಬಾಯಿ ಬಿಟ್ಟು ಹೇಳಿದನಲ್ಲ!"

ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. "ಫೋನಿನಲ್ಲಿ ಹೇಳಿದ್ದನ್ನು ನಾವು ಬಳಸುವುದಿಲ್ಲ. ಬಳಸಿದರೆ ನಾಳೆಯಿಂದ ಯಾರೂ ನಮ್ಮ ಜೊತೆ ಮಾತಾಡುವುದಿಲ್ಲ" ಅಂದರು. ಅದೂ ನಿಜವೇ. ಅವರ ಮೇಲಿನ ಗೌರವ ನನಗೆ ಹೋಗಲಿಲ್ಲ. ಆದರೆ ಆಮೇಲೆ ಅವರ ಜೊತೆ ಕೂತು ಕಾಫಿ ಕುಡಿಯಲಿಕ್ಕೆ ನನಗೆ ಆಗಲಿಲ್ಲ.

ಸಂಜೆ ನಾನು ಈಜುಕೊಳಕ್ಕೆ ಹೋದೆ. ಕಚೇರಿಯವಳು ಹಾಗೆ ಹೋಗಬಾರದು. ಹೋದೆ, ಹೋದದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ. ಬಿಸಿಲು ಚೆನ್ನಾಗಿತ್ತು, ನೀರಿನ ತುಂಬ ಮಕ್ಕಳು. ಅಂಗಡಿಯ ಮುಂದೆ ಮಾತ್ರ ಒಬ್ಬರೂ ಇಲ್ಲ. ಹುಲ್ಲಿನ ಮೇಲೆ ತಾಯಂದಿರು ಮನೆಯಿಂದ ತಂದ ಡಬ್ಬಿ ಬಿಚ್ಚಿ ಮಕ್ಕಳಿಗೆ ಕೊಡುತ್ತಿದ್ದರು. ಒಂದು ಮಗು ಅಂಗಡಿಯ ಕಡೆ ಬೆರಳು ತೋರಿಸಿತು, ತಾಯಿ ಅದರ ಕೈ ಹಿಡಿದು ಕೆಳಗಿಳಿಸಿದಳು. ಎಣ್ಣೆ ಕಾಯಿಸಿಟ್ಟುಕೊಂಡು ಲೀನಾ ಕಿಟಕಿಯಲ್ಲಿ ಸುಮ್ಮನೆ ನಿಂತಿದ್ದಳು.

"ಒಬ್ಬ ವಕೀಲನನ್ನು ಹಿಡಿ. ಮೊದಲಿನ ಠರಾವು ಸಾರ್ವಜನಿಕ ಸಭೆಯಲ್ಲಿ ಆದದ್ದು. ಅದನ್ನೂ ಈಗ ಗುತ್ತಿಗೆ ಮುಗಿಸುವ ನಿರ್ಧಾರವನ್ನೂ ಒಟ್ಟಿಗೆ ಇಟ್ಟು ತೋರಿಸಿದರೆ ನ್ಯಾಯಾಲಯ ಖಂಡಿತ ಕೇಳುತ್ತದೆ" ಅಂದೆ.

"ಗೆಲ್ಲುತ್ತೇನಾ?"

"ಗೆಲ್ಲಬಹುದು."

"ಗೆದ್ದು?" ಅಂತ ಅವಳು ಹುಲ್ಲಿನ ಕಡೆ ನೋಡಿದಳು. "ನ್ಯಾಯಾಧೀಶರು ಬಂದು ಇವರಿಗೆ ಪೊಮ್ಮೆಸ್ ತಿನ್ನಿ ಅಂತ ಹೇಳುತ್ತಾರಾ?"

ನಾನು ಒಂದು ತಟ್ಟೆ ಕೇಳಿದೆ. ಮಾಡಿಕೊಟ್ಟಳು, ಮೆಣಸಿನ ಡಬ್ಬಿ ಮುಂದಿಟ್ಟಳು, ದುಡ್ಡು ಬೇಡ ಅಂದಳು. ಅವಳ ಎದುರಿಗೆ ನಿಂತು ಪೂರ್ತಿ ತಿಂದೆ. ಬೇಸಿಗೆ ಮುಗಿದ ಮೇಲೆ ಅವಳು ಕೋಣೆ ಖಾಲಿ ಮಾಡಿ ಹೋದಳು. ಎಲ್ಲಿಗೆ ಅಂತ ಯಾರಿಗೂ ಗೊತ್ತಿರಲಿಲ್ಲ. ಯಾರೂ ಕೇಳಲೂ ಇಲ್ಲ. ಯಂತ್ರ ಬಂತು, ಮಳೆ ಬಂದಾಗಲೆಲ್ಲ ಕೆಟ್ಟು ನಿಲ್ಲುತ್ತಿತ್ತು. ಯುದ್ಧದ ಮೇಲೆ ಇದರಿಂದ ಒಂದು ಗುಂಡಿನಷ್ಟೂ ಪರಿಣಾಮ ಆಗಲಿಲ್ಲ.

ಹೆರ್ ಐಸೆಲೆ ನಿವೃತ್ತರಾದ ಮೇಲೆ ಆ ಕುರ್ಚಿ ನನಗೆ ಬಂತು. ನಾನು ಬದಲಾಯಿಸಿದ್ದು ಒಂದೇ. ರಸ್ತೆ, ಚರಂಡಿ, ನಾಯಿ ತೆರಿಗೆ, ಎಲ್ಲಕ್ಕೂ ಮೊದಲಿನ ಹಾಗೆ ಫೋನು. ಆದರೆ ಠರಾವಿನಲ್ಲಿ ಒಂದು ದೇಶದ ಹೆಸರೋ ಒಂದು ಜನರ ಹೆಸರೋ ಇದ್ದರೆ ಫೋನಿಲ್ಲ, ಸೀದಾ ಕಾಗದ. ಅದನ್ನು ಪರೀಕ್ಷಿಸುವ ದಿನವೂ ಬೇಗನೇ ಬಂತು. ಇನ್ನೊಂದು ಊರು, ಇನ್ನೊಂದು ಯುದ್ಧ, ಸಿಟ್ಟು ಈ ಸಲ ಬೇರೆ ದೇಶದ ಮೇಲೆ. ಆ ದೇಶದ ಮೂಲದ ಕುಟುಂಬಗಳು ಪ್ರತಿ ವರ್ಷ ಮಕ್ಕಳ ನೃತ್ಯ ಮಾಡಿಸುತ್ತಿದ್ದ ಪುರಭವನವನ್ನು ಅವರಿಗೆ ಕೊಡಬಾರದು ಅಂತ ಠರಾವಾಯಿತು. ನಾನು ಯಾರಿಗೂ ಹೇಳದೆ ಕೇಳದೆ ಆಕ್ಷೇಪಣೆ ಕಳಿಸಿದೆ. ಆ ಮೇಯರ್ ಅದನ್ನು ದ್ರೋಹ ಅಂದರು. ಪತ್ರಿಕೆಯಲ್ಲಿ ನನ್ನ ಹೆಸರು ಬಂತು, ನಮ್ಮ ಮನೆಯ ಅಂಚೆ ಡಬ್ಬಿಗೆ ಯಾರೋ ಕಸ ತುಂಬಿದರು. ಮಗಳು ಫೋನ್ ಮಾಡಿ ಜರ್ಮನ್‌ನಲ್ಲೇ ಬೈದಳು, ರಿಟೈರ್ ಆಗುವ ಹೊತ್ತಿಗೆ ಇದೆಲ್ಲ ಬೇಕಿತ್ತಾ ಅಂತ.

ಪುರಭವನ ಸಿಕ್ಕಿತು. ನೃತ್ಯದ ದಿನ ನಾನೂ ಹೋಗಿ ಕೂತೆ. ಬಾಗಿಲಲ್ಲಿ ಪೊಲೀಸರು, ಒಳಗೆ ಸಾಲು ಸಾಲು ಖಾಲಿ ಕುರ್ಚಿ. ಅಪ್ಪ ಅಮ್ಮಂದಿರು ಮೊದಲ ಸಾಲಿನಲ್ಲಿ ಒತ್ತಿಕೊಂಡು ಕೂತಿದ್ದರು. ಆ ಸಣ್ಣ ಹೆಣ್ಣುಮಕ್ಕಳು ಹೂವು ಮುಡಿದು, ಖಾಲಿ ಕುರ್ಚಿಗಳಿಗೆ ನಗು ತೋರಿಸುತ್ತಾ ಕುಣಿದರು. ಆದರೂ ಕುಣಿದರು, ಅಷ್ಟಾದರೂ ಆಯಿತು.

ಲೀನಾ ನನಗೆ ಮತ್ತೆ ಸಿಕ್ಕಿದ್ದು ಹೋದ ವರ್ಷ, ಇಂಗೋಲ್‌ಸ್ಟಾಟ್‌ನಲ್ಲಿ. ಮಗಳ ಮನೆಗೆ ಹೋಗಿದ್ದವಳು ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಪಕ್ಕದಲ್ಲಿ ಒಬ್ಬಳು ಮುದುಕಿ ನನ್ನನ್ನೇ ನೋಡಿ, "ಮೆಣಸು!" ಅಂದಳು. ಗುರುತು ಹಿಡಿಯಲಿಕ್ಕೆ ನನಗೆ ಹೊತ್ತು ಹಿಡಿಯಿತು. ಒಂದು ದೊಡ್ಡ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುತ್ತಾಳಂತೆ. ಕೈ ಎರಡೂ ಕೆಂಪಾಗಿ, ಚರ್ಮ ಸುಲಿದು ಹೋಗಿತ್ತು. ತಂಗಿಯ ದೊಡ್ಡ ಮಗನನ್ನು ಯುದ್ಧಕ್ಕೆ ಎಳೆದುಕೊಂಡು ಹೋದರು, ಅವನು ಬರಲಿಲ್ಲ ಅಂದಳು. ನಾನು ಅವಳ ಕೈ ಹಿಡಿದುಕೊಂಡೆ.

ಆಮೇಲೆ ಅವಳೇ ಕೇಳಿದಳು. "ಆವತ್ತಿನ ಆ ಠರಾವು, ಅದು ಏನಾಯಿತು ಕಡೆಗೆ?"

"ನಿನಗೆ ಗೊತ್ತಿಲ್ಲವಾ? ಅದು ಆವಾಗಲೇ ರದ್ದಾಯಿತಲ್ಲ. ಪುರಸಭೆಗೆ ಅಂಥ ಅಧಿಕಾರವೇ ಇಲ್ಲ ಅಂತ ಅವರೇ ಒಪ್ಪಿಕೊಂಡರು."

"ಹಾಗಾದರೆ ಕಾನೂನು ನನ್ನ ಕಡೆ ಇತ್ತು."

"ಇತ್ತು ಲೀನಾ. ಪೂರ್ತಿ ನಿನ್ನ ಕಡೆ ಇತ್ತು."

ಅವಳು ತಲೆ ಆಡಿಸಿದಳು. ಅವಳ ಬಸ್ಸು ತಿರುವಿನಲ್ಲಿ ಕಾಣಿಸಿತು. ಚೀಲ ಎತ್ತಿಕೊಂಡು, ಕೋಪ ಇಲ್ಲದೆ, ನಿಜವಾಗಿ ತಿಳಿದುಕೊಳ್ಳಬೇಕು ಅನ್ನುವ ಹಾಗೆ ಕೇಳಿದಳು: "ಮತ್ತೆ ನನ್ನನ್ನು ಅಲ್ಲಿಂದ ಕಳಿಸಿದ್ದು ಯಾರು?"

ಬಸ್ಸಿನ ಬಾಗಿಲು ತೆರೆಯಿತು. ಅವಳು ಹತ್ತುವಾಗಲೂ ತಿರುಗಿ ನನ್ನ ಮುಖವನ್ನೇ ನೋಡುತ್ತಿದ್ದಳು, ಉತ್ತರಕ್ಕೆ ಕಾಯುತ್ತಾ.

ಮೇಘನಾ, ನಿನ್ನ ಮೇಜಿನ ಮೇಲೂ ಒಂದು ಫೋನ್ ಇಟ್ಟಿರುತ್ತಾರೆ.